ಮೊದಲ ಹೆರಿಗೆಯ ಕೇಸ್‌ಶೀಟು, ಎರಡನೆಯದರ ತಯಾರಿ

ಚೊಚ್ಚಲ ಮಗುವಿಗೆ ಎರಡು ತುಂಬುವ ಹೊತ್ತಿಗೆ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಮದುವೆ ಮನೆಯಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ, ಫೋನಿನಲ್ಲಿ ಅದೇ ಪ್ರಶ್ನೆ: “ಇನ್ನೊಂದು ಯಾವಾಗಮ್ಮಾ?” ಬಹಳಷ್ಟು ಹೆಣ್ಣುಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಕೆಲವರ ಮೌನಕ್ಕೆ ಖರ್ಚಿನ ಲೆಕ್ಕ, ನೌಕರಿಯ ಲೆಕ್ಕ ಕಾರಣ. ಇನ್ನು ಕೆಲವರ ಮೌನಕ್ಕೆ ಒಂದು ರಾತ್ರಿ ಕಾರಣ. ಲೇಬರ್ ವಾರ್ಡಿನ ಉರಿಯುವ ದೀಪಗಳು, ಓಡಾಡುವ ಕಾಲುಗಳು, ಏನೆಂದು ಹೇಳದೆ ಸಹಿ ಹಾಕಿಸಿಕೊಂಡ ಕಾಗದ, ಮಗು ಅಳಲಿಲ್ಲವಲ್ಲ ಎನ್ನುತ್ತ ಕಳೆದ ಕೆಲವು ನಿಮಿಷ. ಈ ದತ್ತಿ ಉಪನ್ಯಾಸ ಆ ಎರಡನೆಯ ಗುಂಪಿನ ತಾಯಂದಿರನ್ನು ಕುರಿತದ್ದು. ಅವರಿಗೆ ಮತ್ತೊಂದು ಮಗು ಬೇಕೆನ್ನಿಸಿದರೆ ಆ ಹೆರಿಗೆಗೆ ಸಿದ್ಧರಾಗುವುದು ಹೇಗೆ, ಯಾವಾಗಿನಿಂದ, ಯಾರನ್ನು ಜೊತೆಗಿಟ್ಟುಕೊಂಡು ಎಂಬುದು ಇಲ್ಲಿನ ವಿಷಯ.

ಕರ್ನಾಟಕದಲ್ಲಿ ಈಗ ಹೆಚ್ಚೂಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 97. ಲಕ್ಷ ಸಜೀವ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿಯಿತು. ಇದು ದಾದಿಯರು, ಆಶಾ ಕಾರ್ಯಕರ್ತೆಯರು, ತಾಲ್ಲೂಕು ಆಸ್ಪತ್ರೆಗಳ ವೈದ್ಯರು ದುಡಿದು ಗಳಿಸಿದ್ದು. ಇದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಬದುಕಿ ಮನೆಗೆ ಬಂದವರು ಯಾವ ಸ್ಥಿತಿಯಲ್ಲಿ ಬಂದರು ಎಂಬ ಲೆಕ್ಕವನ್ನು ಈ ಅಂಕಿಗಳು ಹೇಳುವುದಿಲ್ಲ. ‘ತಾಯಿ ಮಗು ಕ್ಷೇಮ’ ಎಂಬ ಮೂರು ಪದಗಳಲ್ಲಿ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಅಲ್ಲಿಗೆ ವಿಚಾರಣೆಯೂ ಮುಗಿಯುತ್ತದೆ.

ಅಮೆರಿಕದ ಶುಶ್ರೂಷಾ ಸಂಶೋಧಕಿ ಚೆರಿಲ್ ಬೆಕ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದ ನೋಟವನ್ನೇ ಬದಲಿಸಿತು. ಹೆರಿಗೆ ಆಘಾತವಾಯಿತೇ ಇಲ್ಲವೇ ಎಂಬುದನ್ನು ತೀರ್ಮಾನಿಸುವವಳು ಹೆತ್ತವಳೇ ಎಂಬುದು ಅದರ ಸಾರ. ವೈದ್ಯರ ಕಣ್ಣಿಗೆ ದಿನನಿತ್ಯದ ಹೆರಿಗೆಯಾಗಿ ಕಂಡದ್ದು ಆಕೆಗೆ ಸಾವಿನ ಬಾಗಿಲಾಗಿರಬಹುದು. ಮುಂದೆ 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆರಿಗೆಯ ನಂತರ ಆಘಾತೋತ್ತರ ಒತ್ತಡದ ಕಾಯಿಲೆಗೆ ಒಳಗಾಗುವವರು ಸಾಮಾನ್ಯ ತಾಯಂದಿರಲ್ಲಿ ಸುಮಾರು ಶೇ. 4 ಎಂದು ಕಂಡುಬಂತು. ತುರ್ತು ಶಸ್ತ್ರಚಿಕಿತ್ಸೆ, ಅವಧಿಗೆ ಮುನ್ನ ಹೆರಿಗೆ, ಮಗುವನ್ನು ಕಳೆದುಕೊಂಡದ್ದು ಮುಂತಾದ ಹೆಚ್ಚಿನ ಅಪಾಯದ ಗುಂಪುಗಳಲ್ಲಿ ಅದು ಶೇ. 18ನ್ನು ಮೀರಿತ್ತು.

ಈ ಕಾಯಿಲೆ ಬಾಣಂತಿಯರ ಖಿನ್ನತೆಗಿಂತ ಬೇರೆ, ಎರಡೂ ಒಟ್ಟಿಗೇ ಬರಬಹುದಾದರೂ. ಖಿನ್ನತೆಯಲ್ಲಿ ಮನಸ್ಸು ಕುಗ್ಗಿ ಕೂರುತ್ತದೆ. ಇಲ್ಲಿ ಮನಸ್ಸು ಕಾವಲು ಕಾಯುತ್ತದೆ. ಆಸ್ಪತ್ರೆಯಿರುವ ರಸ್ತೆ ಬಿಟ್ಟು ಬಳಸುದಾರಿಯಲ್ಲಿ ಹೋಗುವುದು, ಫಿನಾಯಿಲ್ ವಾಸನೆಗೆ ಮೈ ಬೆವರುವುದು, ಮಗುವಿನ ಹುಟ್ಟುಹಬ್ಬ ಹತ್ತಿರ ಬಂದಂತೆ ನಿದ್ದೆ ಹೋಗುವುದು, ತಂಗಿಯ ಸೀಮಂತಕ್ಕೆ ಹೋಗಲಾಗದೆ ನೆಪ ಹೇಳುವುದು, ಗಂಡನ ಹತ್ತಿರ ಮಲಗಲೂ ಭಯಪಡುವುದು. ಮನೆಯ ಹಿರಿಯರು ಇದನ್ನು ಕಂಡು “ನಾವೆಲ್ಲ ಹೆತ್ತಿಲ್ಲವಾ?” ಎನ್ನುತ್ತಾರೆ. “ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?” ಎನ್ನುತ್ತಾರೆ. ಆ ಮಾತಿನಲ್ಲಿ ಕ್ರೌರ್ಯವಿಲ್ಲ. ಅವರಿಗೂ ಅಷ್ಟನ್ನೇ ಹೇಳಿ ಮನೆಗೆ ಕಳಿಸಿದ್ದರು.

ಆಗ ಬ್ರಿಟನ್ನಿನ ಸಂಸದೆಯಾಗಿದ್ದ ಥಿಯೊ ಕ್ಲಾರ್ಕ್ 2022ರಲ್ಲಿ ಮಗಳನ್ನು ಹೆತ್ತಾಗ ಹೆರಿಗೆಯ ದಾರಿ ತೀವ್ರವಾಗಿ ಹರಿಯಿತು. ಎಚ್ಚರದಲ್ಲಿದ್ದಂತೆಯೇ ಬಹಳ ಹೊತ್ತು ಶಸ್ತ್ರಚಿಕಿತ್ಸೆ ನಡೆಯಿತು. 2023ರ ಅಕ್ಟೋಬರಿನಲ್ಲಿ ಅವರು ಅದನ್ನು ಸಂಸತ್ತಿನಲ್ಲಿ ಕಣ್ಣೀರಿಡುತ್ತಲೇ ಹೇಳಿದರು. ಹೆರಿಗೆಯ ಆಘಾತ ಎಂಬ ವಿಷಯವೇ ಅಲ್ಲಿನ ಕೆಳಮನೆಯಲ್ಲಿ ಚರ್ಚೆಗೆ ಬಂದದ್ದು ಅದೇ ಮೊದಲು. ನಂತರ ಸರ್ವಪಕ್ಷ ಸಮಿತಿ ಕರೆ ಕೊಟ್ಟಾಗ 1300ಕ್ಕೂ ಹೆಚ್ಚು ಮಂದಿ ತಮ್ಮ ಅನುಭವ ಬರೆದು ಕಳಿಸಿದರು. 2024ರ ಮೇ ತಿಂಗಳಲ್ಲಿ ವರದಿ ಹೊರಬಂತು. ಕಿವಿಗೊಡುವವರಿದ್ದಾರೆ ಎಂದು ಗೊತ್ತಾದಾಗ ಎಷ್ಟು ಮಂದಿ ಬಾಯಿ ತೆರೆಯುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಎರಡನೆಯ ಹೆರಿಗೆಯ ತಯಾರಿ ಎಲ್ಲಿಂದ ಶುರುವಾಗಬೇಕು? ಮೊದಲ ಹೆರಿಗೆಯ ಕಾಗದಗಳಿಂದ, ಅದೂ ಗರ್ಭ ಕಟ್ಟುವ ಮೊದಲೇ.

ನಮ್ಮಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಏಳನೆಯ ತಿಂಗಳು ಸೀಮಂತ ಮುಗಿಸಿ ಹುಬ್ಬಳ್ಳಿಗೋ ಹಾಸನಕ್ಕೋ ಹೋದ ಮಗಳು ಅಲ್ಲಿ ಹೆತ್ತು, ಬಾಣಂತನ ಮುಗಿಸಿ ಬೆಂಗಳೂರಿಗೋ ಪುಣೆಗೋ ಮರಳುತ್ತಾಳೆ. ಎರಡನೆಯದು ಗಂಡನ ಊರಿನಲ್ಲಿ, ಬೇರೆ ಆಸ್ಪತ್ರೆಯಲ್ಲಿ. ಅಲ್ಲಿನ ವೈದ್ಯರು “ಮೊದಲನೆಯದು ಯಾಕೆ ಸಿಸೇರಿಯನ್ ಆಯಿತು?” ಎಂದು ಕೇಳಿದರೆ ಉತ್ತರ “ಮಗುವಿಗೆ ತೊಂದರೆ ಅಂದರು” ಎಂಬಷ್ಟೇ. ಡಿಸ್ಚಾರ್ಜ್ ಕಾರ್ಡು ತವರಿನ ಟ್ರಂಕಿನಲ್ಲಿ ಉಳಿದಿರುತ್ತದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಂತೂ ಆಸ್ಪತ್ರೆಯ ದಾಖಲೆ ಕೊಠಡಿ ಬಿಟ್ಟು ಹೊರಗೆ ಬಂದೇ ಇರುವುದಿಲ್ಲ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ಒಳರೋಗಿಯಾಗಿದ್ದವರು ತಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ದಾಖಲೆಗಳನ್ನು ಕಾಪಾಡಬೇಕಾದ ಅವಧಿ ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ. ಎರಡು ಮಕ್ಕಳ ನಡುವೆ ಮೂರು ನಾಲ್ಕು ವರ್ಷ ಅಂತರ ಇಡಬೇಕೆಂದುಕೊಂಡವರು ಎರಡನೆಯ ಸಲ ಬಸುರಾದ ಮೇಲೆ ಹೋಗಿ ಕೇಳಿದರೆ ಕಡತವೇ ಸಿಗದಿರಬಹುದು. ಹೀಗಾಗಿ ಮತ್ತೊಂದು ಮಗು ಬೇಕೋ ಬೇಡವೋ ಎಂದು ಇನ್ನೂ ನಿರ್ಧರಿಸದವರೂ ಈಗಲೇ ಹೋಗಿ ಪ್ರತಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಒಳರೋಗಿ (ಐ.ಪಿ.) ನಂಬರು, ದಾಖಲಾದ ದಿನಾಂಕ, ಗುರುತಿನ ಚೀಟಿಯೊಂದಿಗೆ ವೈದ್ಯಕೀಯ ಅಧೀಕ್ಷಕರಿಗೆ ಬರೆದ ಅರ್ಜಿ ಸಾಕು. ಕೇಳುವುದೆಂದರೆ ದೂರು ಕೊಟ್ಟಂತಲ್ಲ ಎಂಬುದನ್ನು ಮನೆಯವರಿಗೂ ತಿಳಿಸಬೇಕು. ಆಸ್ಪತ್ರೆಯವರಿಗೂ ಕೆಲವೊಮ್ಮೆ ತಿಳಿಸಬೇಕಾಗುತ್ತದೆ.

ಆ ಕಾಗದದಲ್ಲಿ ಏನಿರುತ್ತದೆ? ಗರ್ಭಕೋಶವನ್ನು ಎಲ್ಲಿ, ಹೇಗೆ ಕೊಯ್ದರು ಎಂಬುದು ಮೊದಲ ಮುಖ್ಯ ಸಂಗತಿ. ಹೊಟ್ಟೆಯ ಮೇಲಿನ ಹೊಲಿಗೆ ಅಡ್ಡವಿದ್ದ ಮಾತ್ರಕ್ಕೆ ಒಳಗೂ ಅಡ್ಡವೇ ಇರಬೇಕೆಂದಿಲ್ಲ. ಟಿಪ್ಪಣಿ ಓದಿದರಷ್ಟೇ ಗೊತ್ತಾಗುತ್ತದೆ. ಕೊಯ್ತ ಬದಿಗೆ ಹರಿದಿತ್ತೇ, ರಕ್ತ ಎಷ್ಟು ಹೋಯಿತು, ರಕ್ತ ಕೊಟ್ಟರೇ, ಮಗುವಿನ ತೂಕವೆಷ್ಟು ಎಂಬುದೂ ಇರುತ್ತದೆ. ಇನ್ನೊಂದು ಸಂಗತಿಯನ್ನು ಗಮನವಿಟ್ಟು ನೋಡಬೇಕು: ಸಿಸೇರಿಯನ್‌ಗೆ ತೀರ್ಮಾನಿಸಿದಾಗ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು ಎಂಬುದು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಅಳತೆ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ ಸ್ಪಷ್ಟಪಡಿಸಿದೆ. ಹೆರಿಗೆಯ ಚುರುಕಿನ ಹಂತ ಆರಂಭವಾಗುವುದೇ 5 ಸೆಂಟಿಮೀಟರಿನಿಂದ ಎನ್ನುತ್ತದೆ ಅದು. ‘ಹೆರಿಗೆ ಮುಂದುವರಿಯಲಿಲ್ಲ’ ಎಂದು 3 ಸೆಂಟಿಮೀಟರಿಗೆ ಬರೆದಿದ್ದರೆ, ತನ್ನ ದೇಹವೇ ಸೋತಿತು ಎಂದು ವರ್ಷಗಟ್ಟಲೆ ನೊಂದವಳಿಗೆ ಆ ಒಂದು ಅಂಕಿ ಬೇರೆಯದನ್ನೇ ಹೇಳಬಹುದು.

ತನ್ನ ದೇಹದ ಚರಿತ್ರೆ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಅವರದ್ದು ಎಲ್ಲರಿಗೂ ತಿಳಿದ ಉದಾಹರಣೆ. 2017ರ ಸೆಪ್ಟೆಂಬರಿನಲ್ಲಿ ತುರ್ತು ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಂತಾಯಿತು. ಹಿಂದೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಅನುಭವ ಅವರಿಗಿತ್ತು, ಸಿ.ಟಿ. ಸ್ಕ್ಯಾನ್ ಬೇಕು, ಹೆಪರಿನ್ ಬೇಕು ಎಂದು ತಾವೇ ಹೇಳಿದರು. ನೋವಿನ ಮದ್ದಿನ ಮಂಪರು ಎಂದು ನರ್ಸಿಗೆ ಅನ್ನಿಸಿತು, ಮೊದಲು ಕಾಲಿನ ಸ್ಕ್ಯಾನ್ ಮಾಡಿದರು. ಕೊನೆಗೆ ಸಿ.ಟಿ.ಯಲ್ಲಿ ಹೆಪ್ಪುಗಳು ಕಂಡವು. ಜಗತ್ಪ್ರಸಿದ್ಧ ಆಟಗಾರ್ತಿಯ ಮಾತಿಗೇ ಇಷ್ಟು ತಡವಾದರೆ, ಸಾಲಿನಲ್ಲಿ ನಿಂತ ಸಾಮಾನ್ಯ ಬಸುರಿಯ ಕೈಯಲ್ಲಿ ಕಾಗದವಿರುವುದು ಎಷ್ಟು ಅಗತ್ಯ! 2023ರ ಆಗಸ್ಟಿನಲ್ಲಿ ಸೆರೆನಾಗೆ ಎರಡನೆಯ ಮಗಳು ಹುಟ್ಟಿದಳು.

ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಸಿಸೇರಿಯನ್ನೇ ಎಂಬ ಮಾತು ನಮ್ಮ ಊರುಗಳಲ್ಲೂ ಬೇರೂರಿದೆ. ಅದನ್ನು 1916ರಲ್ಲಿ ಬರೆದವರು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳುತ್ತಿದ್ದರು. ಆ ಗಾಯ ಮುಂದಿನ ಹೆರಿಗೆಯ ಒತ್ತಡ ತಾಳುತ್ತಿರಲಿಲ್ಲ. ಅನಗತ್ಯವಾಗಿ ಮೊದಲ ಸಿಸೇರಿಯನ್ ಮಾಡಬೇಡಿ ಎಂದು ಸಹವೈದ್ಯರನ್ನು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೊ ಕೆರ್ ಕೆಳಭಾಗದ ಅಡ್ಡ ಕೊಯ್ತವನ್ನು ಬಳಕೆಗೆ ತಂದರು. ಇಂದು ಬಹುತೇಕ ಎಲ್ಲೆಡೆ ಇರುವುದು ಅದೇ. ಗಾಯ ಬದಲಾಯಿತು, ಮಾತು ಮಾತ್ರ ನೂರು ವರ್ಷದಿಂದ ಹಾಗೇ ಉಳಿದಿದೆ.

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಒಂದು ಅಡ್ಡ ಕೊಯ್ತದ ಸಿಸೇರಿಯನ್ ಆದವರು ನಾರ್ಮಲ್ ಹೆರಿಗೆಗೆ ಪ್ರಯತ್ನಿಸಿದರೆ ನೂರಕ್ಕೆ 72ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ. ಹಿಂದೆ ಒಮ್ಮೆಯಾದರೂ ನಾರ್ಮಲ್ ಆಗಿದ್ದರೆ 85ರಿಂದ 90. ಮೊದಲ ಸಲ ಮಗು ಕಾಲು ಕೆಳಗಾಗಿ ಕೂತಿತ್ತು ಎಂಬಂಥ ಕಾರಣವಿದ್ದವರಿಗೂ ಆಸೆ ಹೆಚ್ಚು, ಏಕೆಂದರೆ ಅದು ಮರುಕಳಿಸಲೇಬೇಕೆಂದಿಲ್ಲ. ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ 200ರಲ್ಲಿ ಒಬ್ಬರಿಗೆ. ಸಣ್ಣ ಅಂಕಿಯಾದರೂ ಆ ಒಬ್ಬಳಿಗೆ ಕೂಡಲೇ ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು, ರಕ್ತ ಬೇಕು. ಇವು ಹಗಲೂ ರಾತ್ರಿ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಇಂಥ ಪ್ರಯತ್ನ ಸರಿ. ನೋವು ಬರಿಸಲು ಕೊಡುವ ಔಷಧಗಳಿಂದ ಹೊಲಿಗೆ ಬಿಡುವ ಅಪಾಯ ಹೆಚ್ಚುವುದರಿಂದ ಆ ಬಗ್ಗೆಯೂ ಮೊದಲೇ ಮಾತಾಗಿರಬೇಕು. ಒಂದು ಹೆರಿಗೆಗೂ ಮುಂದಿನ ಗರ್ಭಕ್ಕೂ ನಡುವೆ ಕನಿಷ್ಠ 24 ತಿಂಗಳಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಗಾಯ ಗಟ್ಟಿಯಾಗಲೂ ಬೇಕು, ಮೈಯಲ್ಲಿ ರಕ್ತ ತುಂಬಲೂ ಬೇಕು.

ಸಿಸೇರಿಯನ್‌ಗಳ ಸಂಖ್ಯೆ ಏರಿದಂತೆ ಬೇರೆ ಅಪಾಯವೂ ಏರುತ್ತದೆ. ಮಾಸು ಕೆಳಗಿಳಿದು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಅದು ಹಳೆಯ ಗಾಯದೊಳಕ್ಕೆ ಬೇರು ಬಿಟ್ಟು ಅಂಟಿಕೊಳ್ಳುವ ಸಾಧ್ಯತೆ ಎರಡನೆಯ ಸಿಸೇರಿಯನ್ ಹೊತ್ತಿಗೆ ಶೇ. 11, ಮೂರನೆಯದಕ್ಕೆ ಶೇ. 40 ಎಂದು 2006ರ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿರುವಾಗ (ಆಗ ದೇಶದ ಸರಾಸರಿ ಶೇ. 21.5) ಈ ಲೆಕ್ಕ ಪ್ರತಿ ತಾಲ್ಲೂಕಿಗೂ ಸಂಬಂಧಿಸಿದ್ದು.

ಇಷ್ಟು ಹೇಳಿದ ಮೇಲೆ ಒಂದನ್ನು ಒತ್ತಿ ಹೇಳಲೇಬೇಕು. ಮೊದಲ ಹೆರಿಗೆಯಲ್ಲಿ ನುಗ್ಗಾದವಳು ಎರಡನೆಯದಕ್ಕೆ ದಿನ ಗೊತ್ತು ಮಾಡಿಕೊಂಡು ಸಿಸೇರಿಯನ್ ಮಾಡಿಸಿಕೊಳ್ಳುತ್ತೇನೆ ಎಂದರೆ ಅದು ಹೇಡಿತನವಲ್ಲ. ಹೆರಿಗೆಯ ವಿಪರೀತ ಭಯವನ್ನು 2000ದಲ್ಲಿ ಬ್ರಿಟಿಷ್ ಮನೋವೈದ್ಯರಾದ ಹಾಫ್‌ಬರ್ಗ್ ಮತ್ತು ಬ್ರಾಕಿಂಗ್‌ಟನ್ ವೈದ್ಯಕೀಯ ಸಾಹಿತ್ಯದಲ್ಲಿ ವಿವರಿಸಿದಾಗ, ಅವರು ಕಂಡವರಲ್ಲಿ ಮೊದಲ ಹೆರಿಗೆಯ ಆಘಾತದಿಂದಲೇ ಈ ಭಯ ಹುಟ್ಟಿದವರೂ ಇದ್ದರು. ಹೆರಿಗೆಯ ದಾರಿ ಮೂರನೆಯ, ನಾಲ್ಕನೆಯ ದರ್ಜೆಗೆ ಹರಿದು ಮಲ ಹಿಡಿದಿಟ್ಟುಕೊಳ್ಳಲಾಗದ ತೊಂದರೆ ಉಳಿದವರಿಗಂತೂ ಸಿಸೇರಿಯನ್ನೇ ಮೇಲಾಗಬಹುದು. ನಾರ್ಮಲ್ ಆದರೆ ಗೆಲುವು, ಆಪರೇಷನ್ ಆದರೆ ಸೋಲು ಎನ್ನುವ ಲೆಕ್ಕವನ್ನು ಈ ತಾಯಂದಿರ ಮುಂದೆ ಯಾರೂ ಇಡಬಾರದು.

ರಕ್ತಸ್ರಾವದಿಂದ ಸಾಯುವಂತಾಗಿ ಬದುಕಿದವರ ತಯಾರಿ ಬೇರೆ. ಹಿಂದೆ ಹಾಗಾದವರಿಗೆ ಮತ್ತೆ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಊರು ನಮ್ಮ ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರೊಂದಿಗೆ ನಡೆಸಿದ ಪ್ರಯೋಗದಲ್ಲಿ, ಹೆರಿಗೆಯಾದ ಕೂಡಲೇ ಸಹಾಯಕ ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ರಕ್ತಸ್ರಾವದ ಪ್ರಮಾಣವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. ಅದೇ ಕೆಲಸದಲ್ಲಿ, ಹೋಗುವ ರಕ್ತವನ್ನು ಅಳೆಯಲು ಗೆರೆ ಹಾಕಿದ ಚೀಲವುಳ್ಳ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಕೆಗೆ ತಂದರು. ಕಣ್ಣಳತೆ ನಂಬಿದರೆ ನಷ್ಟವನ್ನು ಮೂರನೇ ಒಂದು ಭಾಗದಷ್ಟು ಕಡಿಮೆ ಅಂದಾಜು ಮಾಡುತ್ತೇವೆಂದು ಆ ಹಾಳೆ ತೋರಿಸಿಕೊಟ್ಟಿತು. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಫ್ರಿಕದ ನಾಲ್ಕು ದೇಶಗಳಲ್ಲಿ ಅಂಥದೇ ಅಳತೆಯ ಹಾಳೆ ಹಾಸಿ, ಚಿಕಿತ್ಸೆಗಳನ್ನು ಒಟ್ಟಿಗೇ ಕೂಡಲೇ ಕೊಟ್ಟಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಕೇಡುಗಳು ಶೇ. 60ರಷ್ಟು ಇಳಿದವು. ಇಂಥ ತಾಯಿಗೆ ಬೇಕಾದ ತಯಾರಿ ನೇರವಾದದ್ದು: ಬಸುರಾಗುವ ಮೊದಲೇ ಹಿಮೋಗ್ಲೋಬಿನ್ ಸರಿಪಡಿಸಿಕೊಳ್ಳುವುದು, ರಕ್ತನಿಧಿಯಿರುವ ಆಸ್ಪತ್ರೆ ಆರಿಸಿಕೊಳ್ಳುವುದು, ಹಿಂದಿನ ರಕ್ತಸ್ರಾವದ ಸಂಗತಿಯನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಎದ್ದು ಕಾಣುವಂತೆ ಬರೆಸುವುದು. ದೇಶದ ಅರ್ಧಕ್ಕಿಂತ ಹೆಚ್ಚು ಬಸುರಿಯರಿಗೆ, 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಶೇ. 52.2 ಮಂದಿಗೆ, ರಕ್ತಹೀನತೆಯಿತ್ತು.

ಮಗುವನ್ನೇ ಕಳೆದುಕೊಂಡವರಿಗೆ ಮುಂದಿನ ಬಸಿರಿನ ಪ್ರತಿ ವಾರವೂ ಒಂದು ಹೊಸ್ತಿಲು. ಹಿಂದೆ ಮಗು ಹೋದ ವಾರ ದಾಟುವವರೆಗೆ ಅವರು ತೊಟ್ಟಿಲ ಮಾತೆತ್ತುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಸೋಂಕುಗಳ ಪರೀಕ್ಷೆ ಮೊದಲೇ ಆಗಬೇಕು, ಆ ವಾರದ ಸುತ್ತಮುತ್ತ ತಪಾಸಣೆಗಳನ್ನು ಹತ್ತಿರ ಹತ್ತಿರ ಇಡಬೇಕು. ರಕ್ತದೊತ್ತಡದಿಂದ ಹಾಗಾಗಿದ್ದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭದ ತಿಂಗಳುಗಳಲ್ಲೇ ಶುರುವಾಗಬೇಕು. ಮೂರನೆಯ ತಿಂಗಳಲ್ಲಿ ವೈದ್ಯರಿಗೆ ಹಳೆಯ ಕಥೆ ಹೇಳಿದ್ದರೆ ಮಾತ್ರ ಇದು ಸಾಧ್ಯ.

ಇನ್ನು ವೈದ್ಯಕೀಯ ತೊಡಕೇನೂ ಆಗದೆ, ಮಾತು ಮತ್ತು ಕೈಗಳಿಂದಲೇ ಗಾಯಗೊಂಡವರು. ಬೈಗುಳ, ತೊಡೆಯ ಮೇಲೆ ಏಟು, ಪರದೆಯಿಲ್ಲದ ಮೇಜು, ಕೇಳದೆ ಯೋನಿದ್ವಾರಕ್ಕೆ ಹಾಕಿದ ಕೊಯ್ತ, ಹೊಟ್ಟೆಯ ಮೇಲೆ ಬಲವಾಗಿ ಒತ್ತುವ ಕೈ. ಹೆರಿಗೆ ಕೋಣೆಯ ಅವಮಾನ ಮತ್ತು ಹಿಂಸೆಯನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆ ಹೊರಡಿಸಿತು. 2018ರಲ್ಲಿ ಹೊಟ್ಟೆ ಒತ್ತುವುದನ್ನೂ, ಎಲ್ಲರಿಗೂ ವಾಡಿಕೆಯಂತೆ ಕೊಯ್ತ ಹಾಕುವುದನ್ನೂ ಶಿಫಾರಸು ಮಾಡುವುದಿಲ್ಲ ಎಂದಿತು. ಒಬ್ಬ ದಾದಿಗೆ ಹಲವು ಹೆರಿಗೆಗಳನ್ನು ಒಟ್ಟಿಗೇ ನೋಡಬೇಕಾದ ಕಷ್ಟ ನಿಜ. ಆದರೆ ಆ ಕಷ್ಟದ ಬೆಲೆಯನ್ನು ನೋವು ತಿನ್ನುತ್ತಿರುವವಳು ತೆರಬೇಕಾಗಿಲ್ಲ.

ಜೊತೆಗೊಬ್ಬರಿದ್ದರೆ ಇಂಥ ಅವಮಾನ ಬಹಳ ಮಟ್ಟಿಗೆ ತಪ್ಪುತ್ತದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹಳೆಯ ಮನೆ ಹೆರಿಗೆಗೆ ಮರಳಬೇಕೆಂದು ಯಾರೂ ಹೇಳಬಾರದು, ಅದರಲ್ಲಿ ಸತ್ತವರ ಲೆಕ್ಕ ದೊಡ್ಡದು. ಆದರೆ ನೋವು ಶುರುವಾದಾಗಿನಿಂದ ಮಗು ಬರುವವರೆಗೆ ಸೂಲಗಿತ್ತಿ ಎದ್ದು ಹೋಗುತ್ತಿರಲಿಲ್ಲ ಎಂಬುದನ್ನು ಇಂದಿನ ವಿಜ್ಞಾನ ಮತ್ತೆ ಎತ್ತಿ ಹಿಡಿದಿದೆ. 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳ 2017ರ ಕಾಕ್ರೇನ್ ಸಮೀಕ್ಷೆಯಲ್ಲಿ, ಬಿಡದೆ ಜೊತೆಗಿದ್ದವರ ಆಸರೆ ಪಡೆದವರಿಗೆ ಸಿಸೇರಿಯನ್ ಕಡಿಮೆಯಾಯಿತು, ಹೆರಿಗೆ ಬೇಗವಾಯಿತು, ಕಹಿ ಅನುಭವವೂ ಕಡಿಮೆಯಿತ್ತು. ಭಾರತ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ಗೌರವದ ಹೆರಿಗೆಯನ್ನು ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ. ಅಮ್ಮ ಬರುವರೋ, ಅತ್ತಿಗೆಯೋ, ಖಾಸಗಿತನವಿರುವ ಕಡೆ ಗಂಡನೋ ಎಂಬುದನ್ನು ಬಸುರಿಯೇ ತೀರ್ಮಾನಿಸಬೇಕು. ಆ ಜೊತೆಗಾರರಿಗೆ ಮೊದಲ ಹೆರಿಗೆಯ ರಾತ್ರಿಯ ಕಥೆ ಪೂರ್ತಿ ಗೊತ್ತಿರಬೇಕು. ಇಷ್ಟನ್ನೂ ಆಸ್ಪತ್ರೆಯವರೊಂದಿಗೆ ಎಂಟನೆಯ ತಿಂಗಳಿಗೆ ಮುಂಚೆಯೇ ಮಾತಾಡಿ ಒಂದು ಪುಟದಲ್ಲಿ ಬರೆದಿಡಬಹುದು: ಹಿಂದೆ ಏನಾಯಿತು, ಯಾವುದಕ್ಕೆ ಹೆದರಿಕೆ, ಪರೀಕ್ಷೆ ಮಾಡುವ ಮೊದಲು ಒಂದು ಮಾತು ಹೇಳಿ, ಯೋಜನೆ ಬದಲಾದರೆ ಕಾರಣ ಇವರಿಗೆ ತಿಳಿಸಿ.

ಮನಸ್ಸಿನ ಚಿಕಿತ್ಸೆಗೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಕೂಸು ಒಟ್ಟಿಗೇ ದಾಖಲಾಗುವ ವಿಭಾಗವಿದೆ. ದೇಶದಲ್ಲಿ ಈ ಬಗೆಯ ಸೇವೆಗೆ ದಾರಿ ತೋರಿದ್ದು ಅದು, ಅದನ್ನು ಕಟ್ಟಿದವರಲ್ಲಿ ಮನೋವೈದ್ಯೆ ಪ್ರಭಾ ಚಂದ್ರ ಪ್ರಮುಖರು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸ್ವೀಡನ್ನಿನಲ್ಲಿ ಹೆರಿಗೆಯ ಭಯವಿರುವವರಿಗೆಂದೇ ‘ಆರೋರಾ’ ಎಂಬ ಕ್ಲಿನಿಕ್‌ಗಳಿವೆ. ನಮ್ಮ ಜಿಲ್ಲಾಸ್ಪತ್ರೆಗಳ ಪ್ರಸೂತಿ ವಿಭಾಗಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಇದಕ್ಕೆಂದು ಮೀಸಲಿಡುವುದು ಅಸಾಧ್ಯವೇನಲ್ಲ. ಹೆರಿಗೆಯಾದ ಮೂರನೆಯ ದಿನ ಬಂದು “ಎಲ್ಲ ಹೇಳಿಬಿಡಮ್ಮ, ಹಗುರಾಗುತ್ತೆ” ಎನ್ನುವ ಒಂದೇ ಭೇಟಿ ಸಾಲದು ಎಂಬುದೂ ತಿಳಿದಿರಲಿ. ಮೆಲ್ಬರ್ನ್‌ನಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯಾದ 1041 ತಾಯಂದಿರೊಂದಿಗೆ ನಡೆದ, 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಒಂದು ಸಲದ ಮಾತುಕತೆಯಿಂದ ಲಾಭವಾಗಲಿಲ್ಲ. ಆಘಾತಕ್ಕೆಂದೇ ರೂಪಿಸಿದ, ತರಬೇತಾದವರು ಹಲವು ವಾರ ನಡೆಸುವ ಮಾತಿನ ಚಿಕಿತ್ಸೆ ಬೇಕು. ಅದನ್ನೂ ಬಸುರಾಗುವ ಮೊದಲೇ ಆರಂಭಿಸಿದರೆ ಚಿಕಿತ್ಸೆಗೆ ಸಮಯ ಸಿಗುತ್ತದೆ.

ಗಂಡಂದಿರ ಮಾತು ಈ ಚರ್ಚೆಯಲ್ಲಿ ಕಡಿಮೆ ಬರುತ್ತದೆ. ಬಾಗಿಲಾಚೆ ನಿಂತು, ರಕ್ತದ ಬಾಟಲಿಗೆ ಓಡಿ, ‘ತಾಯಿ ಬೇಕೋ ಮಗು ಬೇಕೋ’ ಎಂಬ ಪ್ರಶ್ನೆ ಕೇಳಿಸಿಕೊಂಡವರೂ ಗಾಯಗೊಂಡವರೇ. ಎರಡನೆಯ ಮಗು ಬೇಡ ಎಂದು ಮೊದಲು ಹೇಳುವವರು ಕೆಲವೊಮ್ಮೆ ಅವರು, ಕಾರಣ ಹೇಳದೆಯೇ. ಇಬ್ಬರೂ ಕೂತು ಮಾತಾಡಿ ಒಂದೇ ಮಗು ಸಾಕು ಎಂದು ನಿಶ್ಚಯಿಸಿದರೆ ಅದೂ ಒಂದು ಪೂರ್ಣವಾದ ಯೋಜನೆ. ಪಂಕ್ತಿಯಲ್ಲಿ ಕೂತವರಿಗೆ ವಿವರಣೆ ಕೊಡಬೇಕಾಗಿಲ್ಲ.

ಎರಡನೆಯ ಹೆರಿಗೆ ಸುಸೂತ್ರವಾದರೂ ಯೋಜನೆ ಅಲ್ಲಿಗೆ ಮುಗಿಯುವುದಿಲ್ಲ. ಬಾಣಂತನದ ಕೋಣೆಯಲ್ಲಿ, ಬಿಸಿನೀರು, ಎಣ್ಣೆ, ಸಾಂಬ್ರಾಣಿಯ ಹೊಗೆಯ ನಡುವೆ, ಹಳೆಯ ಹೆರಿಗೆಯ ದುಃಖ ಹೊಸದಾಗಿ ಎದ್ದು ಬರುವುದುಂಟು: ಮೊದಲನೆಯ ಮಗುವಿಗೂ ಹೀಗೇ ಆಗಬಹುದಿತ್ತಲ್ಲ ಎಂದು. ಆರನೆಯ ವಾರದ ತಪಾಸಣೆಗೆ ಸಾಮಾನ್ಯವಾಗಿ ಮಗುವಿನ ಚುಚ್ಚುಮದ್ದಿನ ಕಾರ್ಡು ಮಾತ್ರ ಹೋಗುತ್ತದೆ. ಈ ತಾಯಂದಿರ ವಿಷಯದಲ್ಲಿ ಆ ದಿನ ಆಕೆಯ ಹೆಸರಿನಲ್ಲೂ ಒಂದು ಚೀಟಿ ಬರೆಸಬೇಕು. ನಿದ್ದೆ, ಹೆದರಿಕೆ, ಹೊಲಿಗೆ, ಮೂತ್ರದ ತೊಂದರೆ, ಗರ್ಭನಿರೋಧಕ ಎಲ್ಲವನ್ನೂ ವಿಚಾರಿಸಿ, ಹೊಸ ಕೇಸ್‌ಶೀಟಿನ ಪ್ರತಿಯನ್ನೂ ಕೇಳಿ ಪಡೆಯಬೇಕು. ಜೊತೆಗೆ ಹೋಗುವವರು ಯಾರು ಎಂಬುದನ್ನು ಒಂಬತ್ತನೆಯ ತಿಂಗಳಲ್ಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.